ಮುಂದಿನ ಸೀಟಿನ ಧನಪಾಲರು

ಧನಪಾಲರು ಕಣ್ಣು ಹೊರಳಿಸಿ ನೋಡಿದ್ದನ್ನು ಕಂಡವರಿಲ್ಲ. ಎಡಗಡೆಯಿಂದ ಯಾರಾದರೂ ಕರೆದರೆ ಇಡೀ ಕುತ್ತಿಗೆಯನ್ನೇ ಎಡಕ್ಕೆ ತಿರುಗಿಸಿ, ಕರೆದವನ ಮುಖಕ್ಕೆ ತಮ್ಮ ಮುಖವನ್ನು ಸರಿಯಾಗಿ ಎದುರಿಟ್ಟು, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುವ ವ್ಯಾಪಾರಿಯಂತೆ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮಾತಿಗೆ ತೊಡಗುವುದು ಅವರ ಪದ್ಧತಿ. ಸಾಂಗ್ಲಿಯ ಪೇಟೆಯಲ್ಲಿ ಇದಕ್ಕೆ ಬಹಳ ಬೆಲೆಯಿತ್ತು. ವಾರೆಗಣ್ಣಿನಲ್ಲೇ ಮಾತು ಮುಗಿಸುವವರು ತುಂಬಿದ ಆ ಓಣಿಯಲ್ಲಿ, ಹಮಾಲನಿರಲಿ ಸಾವುಕಾರನಿರಲಿ, ಪೂರ್ತಿ ಮುಖ ಕೊಟ್ಟು ಮಾತನಾಡಿಸುವ ಮನುಷ್ಯ ಇವರೊಬ್ಬರೇ ಎಂದು ಜನ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ. ನಾಲ್ಕು ಜನರ ಮುಂದೆ, ಅವರ ಎದುರಿಗೇ, ತುಸು ಉಪ್ಪುಖಾರ ಹಚ್ಚಿಯೇ ಹೇಳಿದ್ದೇನೆ. ಅವರು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಿದ್ದರು.

ಅವರದು ಬಾರದಾನದ ವ್ಯಾಪಾರ, ಅಂದರೆ ಗೋಣಿಚೀಲಗಳದ್ದು. ಅರಿಸಿನವೇ ಬರಲಿ, ಬೆಲ್ಲವೇ ಬರಲಿ, ಒಣದ್ರಾಕ್ಷಿಯೇ ಬರಲಿ, ಯಾವ ಮಾಲಿಗೂ ಚೀಲವಿಲ್ಲದೆ ಗತಿಯಿಲ್ಲ. ಹಳೆಯ ಚೀಲಗಳನ್ನು ಕೊಂಡು, ಝಾಡಿಸಿ, ಹರಿದದ್ದನ್ನು ಹೊಲಿಸಿ ಮಾರುವ ಆ ಅಂಗಡಿ ಅವರ ಅಜ್ಜನ ಕಾಲದ್ದು. ಬೂದುಬಣ್ಣದ ಒಂದು ಉಣ್ಣೆಯ ಕೋಟು ವೈಶಾಖದ ಬಿಸಿಲಿನಲ್ಲೂ ಅವರ ಮೈಮೇಲಿರುತ್ತಿತ್ತು. ಅದರ ಕಾಲರಿನ ಒಳಮಗ್ಗುಲಿಗೆ ಒಂದು ದಬ್ಬಣ, ಜೇಬಿನಲ್ಲಿ ಸುತಳಿಯ ಉಂಡೆ, ಇಡೀ ಕೋಟಿಗೆ ಸೆಣಬಿನ ಒಣ ವಾಸನೆ. ಯಾವ ಮಾತನ್ನಾದರೂ "ಏನ್ ತಿಳೀತು?" ಎಂದು ಮುಗಿಸುವುದು ಅವರ ಚಟ. "ಇವತ್ತ ಬಿಸಲ ಭಾಳ ಐತ್ರಿ, ಏನ್ ತಿಳೀತು?" ಎನ್ನುವರು. ತಿಳಿಯದಿರುವುದಕ್ಕೆ ಅದರಲ್ಲಿ ಏನಿತ್ತು? ಆದರೂ ನಾವು ಗೋಣು ಆಡಿಸುತ್ತಿದ್ದೆವು.

ಮಿರಜಿನಲ್ಲಿ ನಮ್ಮದೊಂದು ಸೈಕಲ್ ಮಂಡಳವಿದೆ. ಜತ್ತದ ಕಡೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿ, ನಿವೃತ್ತನಾಗಿ, ವೈದ್ಯರ ಹೆದರಿಕೆಗೆ ಅಲ್ಲಿ ಸೇರಿಕೊಂಡ ನನ್ನಂಥ ಭಾರದ ಜನವೂ, ಗಾಳಿಯಂತೆ ಹೋಗುವ ಅಮಿತ, ಕಾಜಲರಂಥ ಹರೆಯದವರೂ ಕೂಡಿ ಒಂದಿಪ್ಪತ್ತು ಮಂದಿ. ಈ ಮಂಡಳಕ್ಕೆ ಜೋಡಿ ಸೈಕಲ್ಲಿನ ಹುಚ್ಚು ಹಿಡಿಸಿದವರು ಧನಪಾಲರು. ಎರಡು ಹಳೆಯ ಸೈಕಲ್ಲುಗಳನ್ನು ಕೊಯ್ಯಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಮೂರು ದಿನ ಕುಳಿತು, ಎರಡು ಸೀಟು ನಾಲ್ಕು ಪೆಡಲಿನ ಒಂದು ಉದ್ದನೆಯ ವಾಹನವನ್ನು ಮಾಡಿಸಿ ತಂದರು. ಅದನ್ನು ನೋಡಿ ಉಳಿದವರೂ ಆಸೆಪಟ್ಟು, ವರ್ಷಕ್ಕೊಮ್ಮೆ ಪುಣೆಯಿಂದ ಐದಾರು ಜೋಡಿ ಸೈಕಲ್ಲುಗಳನ್ನು ಬಾಡಿಗೆಗೆ ತರಿಸಿ, ಸುತ್ತಲಿನ ಬಯಲು ಸೀಮೆಯಲ್ಲಿ ಒಂದು ಸವಾರಿ ಮಾಡುವುದು ರೂಢಿಯಾಯಿತು. ದಿಬ್ಬವಿಲ್ಲ, ಇಳಿಜಾರಿಲ್ಲ, ಎರಡೂ ಕಡೆ ಕಬ್ಬು, ನಡುವೆ ದ್ರಾಕ್ಷಿಯ ತೋಟಗಳು, ಅಂಗೈಯಂತೆ ಹರಡಿದ ಕರಿಯ ನೆಲ.

ಜೋಡಿ ಸೈಕಲ್ಲಿನ ನ್ಯಾಯ ವಿಚಿತ್ರವಾದದ್ದು. ಹ್ಯಾಂಡಲ್ಲು, ಬ್ರೇಕು, ಗಂಟೆ ಎಲ್ಲವೂ ಮುಂದಿನವನ ಕೈಯಲ್ಲಿ. ಹಿಂದಿನವನಿಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳಿರುತ್ತದೆ, ಅದು ಎತ್ತಲೂ ತಿರುಗುವುದಿಲ್ಲ. ಅವನಿಗೆ ದಾರಿ ಕಾಣುವುದಿಲ್ಲ, ಮುಂದಿನವನ ಬೆನ್ನಷ್ಟೇ ಕಾಣುತ್ತದೆ. ಧನಪಾಲರ ಹಿಂದಿನ ಸೀಟಿನಲ್ಲಿ ಕೂತವರು ಯಾವಾಗಲೂ ಮಹಾಲಿಂಗಪ್ಪನವರು, ಮಿರಜಿನಲ್ಲಿ ಪಾತ್ರೆ ಮಾರುವ ಭಾಂಡೆ ಅಂಗಡಿಯವರು, ಬಾಲ್ಯದ ಗೆಳೆಯರು. ಒಬ್ಬರು ಜೈನರು, ಒಬ್ಬರು ಲಿಂಗಾಯತರು. ಇಬ್ಬರ ಹಿರಿಯರೂ ಎಂದೋ ಕನ್ನಡ ಸೀಮೆಯಿಂದ ಬಂದು ಇಲ್ಲಿ ಅಂಗಡಿಯಿಟ್ಟವರು. ಪೇಟೆಯಲ್ಲಿ ಮರಾಠಿ, ಮೊಮ್ಮಕ್ಕಳ ಜೊತೆ ಮರಾಠಿ, ಜಗಳಕ್ಕೂ ಮರಾಠಿ. ಆದರೆ ಸೈಕಲ್ ಏರಿ ಊರು ದಾಟಿದರೆಂದರೆ ಇಬ್ಬರ ನಡುವೆ ಅಪ್ಪಟ ಕನ್ನಡ. ಮಹಾಲಿಂಗಪ್ಪನವರ ಮಾತು ನಿಲ್ಲುತ್ತಿರಲಿಲ್ಲ, ಧನಪಾಲರ ಕಾಲು ನಿಲ್ಲುತ್ತಿರಲಿಲ್ಲ.

ಧನಪಾಲರು ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಜೈನರಲ್ಲಿ ಇದೇನು ಹೊಸದಲ್ಲ, ಆದರೆ ಎಷ್ಟೋ ಮಂದಿ ಪೇಟೆಯ ಗಡಿಬಿಡಿಯಲ್ಲಿ ಸಡಿಲ ಬಿಟ್ಟದ್ದನ್ನು ಇವರು ಹುಟ್ಟಿನಿಂದ ಹಿಡಿದುಕೊಂಡು ಬಂದಿದ್ದರು. ನಾಲ್ಕು ಗಂಟೆಯಾಯಿತೆಂದರೆ "ಹೊಳ್ಳೂಣು ನಡೀರಿ" ಎಂದು ಎದ್ದು ನಿಲ್ಲುವರು. ಬುಧಗಾಂವಕ್ಕೆ ಹೋಗಲಿ, ಸೇತುವೆ ದಾಟಿ ಸಾಂಗ್ಲಿವಾಡಿಗೆ ಹೋಗಲಿ, ಮಾತು ಎಷ್ಟೇ ರಂಗೇರಿರಲಿ, ಏಳಲೇಬೇಕು. ನಮ್ಮ ಸವಾರಿಗಳ ವೇಳಾಪಟ್ಟಿಯೇ ಅವರ ವ್ರತಕ್ಕೆ ತಕ್ಕಂತೆ ಕೂತುಬಿಟ್ಟಿತ್ತು. ಯಾರಾದರೂ ಗೊಣಗಿದರೆ ಮಹಾಲಿಂಗಪ್ಪನವರು ಅವರ ಮೇಲೆ ಹರಿಹಾಯುತ್ತಿದ್ದರು. "ನಿಮಗ ಒಂದ ದಿನಾ ಚಹಾ ಬಿಡೂದ ಆಗಂಗಿಲ್ಲ. ಅಂವಾ ಅರವತ್ತ ವರ್ಷದಿಂದ ನಡಿಸಿಗೋತ ಬಂದಾನ. ಎದ್ದ ನಡೀರಿ ಸುಮ್ಮ."

ಈಗ ಗೊತ್ತಿರುವುದನ್ನು ಕೊನೆಯವರೆಗೆ ಮುಚ್ಚಿಟ್ಟುಕೊಂಡು ಓದುವವರನ್ನು ಬೆಪ್ಪು ಮಾಡುವ ಜಾಣತನ ನನಗೆ ಬೇಡ. ಧನಪಾಲರಿಗೆ ಕಣ್ಣು ಹೋಗುತ್ತಿತ್ತು. ಐದು ವರ್ಷದಿಂದ ಹೋಗುತ್ತಿತ್ತು. ಮೊದಲು ಇರುಳುಗುರುಡು, ದೀಪ ಹಚ್ಚುವ ಹೊತ್ತಾಯಿತೆಂದರೆ ಲೋಕಕ್ಕೆ ಗೋಣಿಚೀಲ ಹೊದಿಸಿದಂತೆ. ಆಮೇಲೆ ಹಗಲಿನಲ್ಲೂ ಅಂಚುಗಳು ಕರಗತೊಡಗಿ, ಕೊಳವೆಯೊಳಗಿಂದ ನೋಡಿದಂತೆ ನಟ್ಟನಡುವಿನದಷ್ಟೇ ಉಳಿಯಿತು. ನಾವು ಹಾಡಿ ಹೊಗಳುತ್ತಿದ್ದ ಆ ಪೂರ್ತಿ ಮುಖದ ನೋಟ, ಬೇರೆ ರೀತಿ ನೋಡಲಾಗದವನ ನೋಟವಾಗಿತ್ತು. ಅವರ ತಂದೆಗೂ ಹೀಗೇ ಆಗಿತ್ತಂತೆ. ಮನೆಯವರು ಆ ಮುದುಕರನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎಬ್ಬಿಸಿ, ಚೀಲಗಳ ಒಟ್ಟಿಲಿನ ಮೂಲೆಯಲ್ಲಿ ಕೂರಿಸಿ, ಹನ್ನೊಂದು ವರ್ಷ ಅಲ್ಲೇ ಇಟ್ಟಿದ್ದರು. ಕೋಲಿನ ತುದಿ ಹಿಡಿದು ಅವರನ್ನು ಬಚ್ಚಲಿಗೆ ಕರೆದೊಯ್ಯುತ್ತಿದ್ದವರು ಆಗಿನ್ನೂ ಎಳೆಯರಾಗಿದ್ದ ಧನಪಾಲರೇ. ಆ ಮೂಲೆಯ ಭಯವೊಂದು ಅವರಿಗೆ ಇತ್ತು. ಇನ್ನು ಯಾವುದರ ಭಯವೂ ಇರಲಿಲ್ಲ.

ವ್ರತ ಸುಳ್ಳಲ್ಲ, ಇದನ್ನು ನಾನು ಒತ್ತಿ ಹೇಳಬೇಕು. ವ್ರತ ನಿಜವಾದದ್ದೇ; ಆ ನಿಜದ ನೆರಳಿನಲ್ಲಿ ಕಣ್ಣಿನ ಕೊರತೆ ತಂಪಾಗಿ ಕೂತುಕೊಂಡಿತು, ಅಷ್ಟೇ. ಕತ್ತಲಾಗುವ ಮುನ್ನ ಮನೆ ಸೇರುವ ಮನುಷ್ಯನನ್ನು ಯಾರು ಏನು ಕೇಳುತ್ತಾರೆ? ಕಾಜಲ ಮಗ್ಗುಲಲ್ಲಿ ನಿಂತು ಕೈ ಬೀಸಿದರೂ ಅವರು ಕಾಣದೆ ಹೋದರೆ, ಕಾಕಾ ಜಪದಲ್ಲಿದ್ದಾರೆ ಅಂದೆವು. ಒಂದು ಮುಸ್ಸಂಜೆ ಮಹಾಲಿಂಗಪ್ಪನವರ ಅಂಗಡಿಯಲ್ಲಿ ಕೊಡಗಳ ಸಾಲಿಗೇ ಎಡವಿ ಗಡಗಡನೆ ಬೀಳಿಸಿದಾಗ, ಹೊಟ್ಟೆಯಲ್ಲಿ ಕೂಳಿಲ್ಲ, ತಲೆ ತಿರುಗಿರಬೇಕು ಅಂದೆವು. ಒಬ್ಬ ಮನುಷ್ಯ ಒಳ್ಳೆಯವನೆಂದು ಒಮ್ಮೆ ತೀರ್ಮಾನವಾದರೆ ಅವನು ಬಿದ್ದದ್ದೂ ನಮಸ್ಕಾರವಾಗಿ ಕಾಣುತ್ತದೆ. ಅವರ ಹೆಂಡತಿ ರತ್ನಾಬಾಯಿಯವರು ಮಾತ್ರ ಮನೆಯ ಮೆಟ್ಟಿಲುಗಳ ಅಂಚಿಗೆ ಪ್ರತಿ ಅಮಾವಾಸ್ಯೆಗೆ ಬಿಳಿಯ ಸುಣ್ಣ ಬಳಿಯುತ್ತಿದ್ದರು. "ಅವರ ಹೇಳ್ಲಿಲ್ರಿ, ನಾ ಕೇಳ್ಲಿಲ್ಲ" ಎಂದು ಎಲ್ಲ ಮುಗಿದ ಮೇಲೆ ನನಗೆ ಹೇಳಿದರು.

ಎಲ್ಲ ಮುಗಿದದ್ದು ಕಳೆದ ಪುಷ್ಯಮಾಸದಲ್ಲಿ, ಬೇಡಗದ ಸವಾರಿಯ ದಿನ. ಆರು ಜೋಡಿ ಸೈಕಲ್ಲುಗಳು, ಹನ್ನೆರಡು ಮಂದಿ. ನಾನು ಅಮಿತನ ಹಿಂದಿನ ಸೀಟಿನಲ್ಲಿದ್ದೆ. ಬೇಡಗದಲ್ಲಿ ಸಂಮೇದನೆಂಬ ಜೈನ ರೈತನ ಹೊಲದಲ್ಲಿ ಸೀತನಿಯ ಊಟ. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿಯ ಜೊತೆ ತಿನ್ನುವುದು. ನಾಲ್ಕಕ್ಕೆ ಧನಪಾಲರು ಎಂದಿನಂತೆ ಎದ್ದು ನಿಂತರು. ಅಷ್ಟರಲ್ಲಿ ಕಾಜಲಳ ಸೈಕಲ್ಲಿನ ಉದ್ದದ ಚೈನು ಕಡಿದಿದೆಯೆಂದು ತಿಳಿಯಿತು. ಬೇಡಗದಲ್ಲಿ ಅಂಥ ಚೈನು ಎಲ್ಲಿಂದ ಬರಬೇಕು? ಕೊಂಡಿ ಕೂಡಿಸಿ ಕಟ್ಟುತ್ತ ಕೂತರು. ಐದಾಯಿತು. ನಾವಿಬ್ಬರೇ ಮುಂದೆ ಹೋಗುತ್ತೇವೆ ಎಂದು ಧನಪಾಲರು ಎರಡು ಸಲ ಹೇಳಿದರು, ಯಾರೂ ಬಿಡಲಿಲ್ಲ. ಬಿಸಿಲು ಕಬ್ಬಿನ ತುದಿಗೆ ಇಳಿದಿತ್ತು. ಅವರ ಮುಖದ ಮೇಲಿದ್ದದ್ದು ಭಯವೆಂದು ನನಗೆ ಇವತ್ತು ಗೊತ್ತು, ಅಂದು ಅದನ್ನು ಹಸಿವು ಎಂದುಕೊಂಡೆ.

ಮಹಾಲಿಂಗಪ್ಪನವರು ಮೆಲ್ಲಗೆ ಎದ್ದು ಸಂಮೇದನ ಮನೆಯೊಳಗೆ ಹೋದರು. ಅರ್ಧ ತಾಸಿನಲ್ಲಿ ತಾಟು ಬಂತು. ಬಿಸಿ ರೊಟ್ಟಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಸೋಂಕದ ಹೆಸರುಕಾಳಿನ ಪಲ್ಯ, ಮೊಸರು. ಗೆಳೆಯನ ವ್ರತ ಕೆಡಬಾರದೆಂದು, ತಾವು ನಿಂತು, ಒಲೆಯ ಮುಂದಿನ ಹೆಣ್ಣುಮಕ್ಕಳಿಗೆ ಅವಸರ ಮಾಡಿ ಹಾಕಿಸಿದ ಎಡೆ ಅದು. ಸೂರ್ಯ ಇನ್ನೂ ಒಂದು ಮೊಳ ಮೇಲಿದ್ದ. ಮಹಾಲಿಂಗಪ್ಪನವರ ಮುಖದಲ್ಲಿ ಹಬ್ಬ.

"ಉಣ್ಣು. ಸಾವಕಾಶ ಉಣ್ಣು. ಇನ್ನ ನಿನಗೇನ ಗಡಿಬಿಡಿ ಇಲ್ಲಲ್ಲ? ಎಲ್ಲಾರೂ ಕೂಡೇ ಹೋಗೂಣು."

ಧನಪಾಲರು ಉಂಡರು. ಅಷ್ಟು ನಿಧಾನವಾಗಿ, ಅಷ್ಟು ದುಃಖದಿಂದ ಒಬ್ಬ ಮನುಷ್ಯ ರೊಟ್ಟಿ ಮುರಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಪ್ರತಿ ತುತ್ತಿಗೂ ಅವರ ನೆಪ ಒಂದಿಷ್ಟು ಕರಗುತ್ತಿತ್ತು. ಕೈ ತೊಳೆದ ಮೇಲೆ ಬಸ್ಸಿಗೆ ಹೋಗುತ್ತೇನೆ ಅಂದರು, ಎಲ್ಲರೂ ನಕ್ಕರು. ಅಮಿತ ಮಾತ್ರ, ಹೊಟ್ಟೆ ತುಂಬಿ ದಣಿದಿದ್ದಾರೆಂದುಕೊಂಡು, ತನ್ನ ಒಡಕು ಕನ್ನಡದಲ್ಲಿ, "ಕಾಕಾ, ನೀವು ಹಿಂದ ಕುಂದ್ರಿ. ಮುಂದ ನಾ ಬರ್ತೀನಿ" ಅಂದ.

ಬಾಗಿಲು ತೆರೆದಿತ್ತು, ದಾಟಿದ್ದರೆ ಆಗಿತ್ತು. ಯಾರೂ ಕಾರಣ ಕೇಳುತ್ತಿರಲಿಲ್ಲ. ಧನಪಾಲರು ಕೋಟಿನ ಗುಂಡಿ ಹಾಕಿಕೊಂಡು, "ಮುಂದಿನ ಸೀಟ ನಂದಪಾ" ಅಂದರು.

ಕತ್ತಲಾಗುವ ಹೊತ್ತಿಗೆ ನಾವು ಅರ್ಧ ದಾರಿಯಲ್ಲಿದ್ದೆವು. ಬಾಡಿಗೆಯ ಸೈಕಲ್ಲುಗಳಿಗೆಲ್ಲ ದೀಪವಿತ್ತು. ಧನಪಾಲರ ಸೈಕಲ್ಲಿಗೆ ಇರಲಿಲ್ಲ, ಅದು ಎಂದೂ ಕತ್ತಲಲ್ಲಿ ಓಡಿದ್ದೇ ಅಲ್ಲ. ಮಹಾಲಿಂಗಪ್ಪನವರು ಹಿಂದಿನಿಂದ ಮೊಬೈಲಿನ ಬ್ಯಾಟರಿ ಹಿಡಿದಿದ್ದರು, ಅದರ ಬೆಳಕೆಲ್ಲ ಮುಂದಿನವರ ಕೋಟಿನ ಬೆನ್ನಿಗೆ ಬೀಳುತ್ತಿತ್ತು. ನಮ್ಮ ಸೈಕಲ್ಲಿನ ಹಿಂದಿನ ಕೆಂಪು ದೀಪದ ಚುಕ್ಕೆಯೊಂದನ್ನೇ ನೆಚ್ಚಿ ಬರುತ್ತಿದ್ದೆನೆಂದು ಧನಪಾಲರು ಆಮೇಲೆ ಹೇಳಿದರು. ರಸ್ತೆಯ ಅಂಚಿಗೆ ಕಬ್ಬಿನ ಗಾಡಿಯೊಂದು ನಿಂತಿತ್ತು, ಎತ್ತು ಬಿಚ್ಚಿದ್ದರು. ಅಮಿತ "ಗಾಡಿ!" ಎಂದು ಕೂಗಿ ಬಳಸಿಕೊಂಡು ಹೋದ. ನಮಗಿಂತ ಮುಂದಿನವರೂ ಬಳಸಿಕೊಂಡೇ ಹೋಗಿದ್ದರು. ಬಳಸುವಾಗ ಕೆಂಪು ಚುಕ್ಕೆ ಗಾಡಿಯ ಮರೆಗೆ ಸರಿದಿರಬೇಕು. ನನ್ನ ಬೆನ್ನ ಹಿಂದೆ ಕಬ್ಬಿಣ ಮುರಿದ ಸದ್ದಾಯಿತು. ಆಮೇಲೆ ಮಹಾಲಿಂಗಪ್ಪನವರ ಕೂಗು.

ಗಾಡಿಯ ಮಗ್ಗುಲಿಗೆ ಮೂರು ಕಲ್ಲಿಟ್ಟು ಭಾಕರಿ ಬಡಿಯುತ್ತಿದ್ದ ಹೆಂಗಸು ಎದ್ದು ಬಂದಳು. ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯಲು ಬಂದವಳು. ಅಮಿತ ಅವಳ ಮೇಲೆ ಏರಿಹೋದ. ದೀಪವಿಲ್ಲದೆ ಗಾಡಿ ನಿಲ್ಲಿಸುತ್ತೀರಾ, ಜನರನ್ನು ಕೊಲ್ಲುತ್ತೀರಾ ಎಂದು ಬಾಯಿಗೆ ಬಂದಂತೆ ಅಂದ. "ಲಾಲ ಫಡಕಂ ಬಾಂಧಲಂಯ ಕೀ ದಾದಾ" ಎಂದಳು ಅವಳು. ನಿಜ, ಗಾಡಿಯ ಹಿಂದೆ ಕೆಂಪು ಬಟ್ಟೆ ಕಟ್ಟಿದ್ದಳು. ಒಲೆಯ ಉರಿಗೆ ಅದು ಚೆನ್ನಾಗಿ ಕಾಣುತ್ತಲೂ ಇತ್ತು. ಉಳಿದವರೆಲ್ಲ ಹೋದರಲ್ಲ ಅಣ್ಣಾ, ಅವರಿಗೆ ಹೇಗೆ ಕಂಡಿತು ಎಂದು ಕೇಳಿದಳು. ಅಮಿತ ಆ ಬಟ್ಟೆಯನ್ನು ಕಿತ್ತು ಅವಳ ಒಲೆಗೆ ಎಸೆದ. ಎತ್ತಿಗೆ ನೀರು ಕುಡಿಸಲು ಹೋಗಿದ್ದ ಗಂಡ "ಚಂದ್ರಭಾಗಾ, ಚಂದ್ರಭಾಗಾ" ಎಂದು ಕೂಗುತ್ತ ಓಡಿಬಂದರೆ, ನಮ್ಮವರು ಅವನ ಎದೆಯಂಗಿ ಹಿಡಿದರು. ಧನಪಾಲರ ಹಣೆಗೆ ತರಚಿದ ಗಾಯ, ಅಷ್ಟೇ. ನೆಲಕ್ಕೆ ಕೂತು, ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಒಂದು ಮಾತೂ ಆಡಲಿಲ್ಲ.

ಮಹಾಲಿಂಗಪ್ಪನವರ ಟೊಂಕದ ಎಲುಬು ಮುರಿದಿತ್ತು. ಮೂರನೆಯ ದಿನ ಮಿರಜಿನ ಆಸ್ಪತ್ರೆಯಲ್ಲಿ ನಾವು ಏಳೆಂಟು ಮಂದಿ ಮಂಚದ ಸುತ್ತ ನಿಂತಿದ್ದೆವು. ಅವರಿಗೆ ನೋವಿನಲ್ಲೂ ಮಾತು ಬೇಕು. ಬಂದವರಿಗೆಲ್ಲ ಆ ಗಾಡಿಯ ಕಥೆ ಹೇಳಿ, ಕೊನೆಗೆ ಧನಪಾಲರತ್ತ ಕೈ ತೋರಿಸಿ, "ಇವಗ ನೋಡ್ರಿ, ಒಂದ ಗೀರ ಬಿದ್ದೇತಿ, ಅಷ್ಟ. ಹೊತ್ತಿನ ಒಳಗ ಉಂಡಿದ್ದ. ವ್ರತ ಕಾಯ್ತು" ಎಂದರು. ಹೆಮ್ಮೆಯಿಂದ ಎಂದರು, ತಾವೇ ಉಣ್ಣಿಸಿದವರಲ್ಲವೆ.

ಅದನ್ನು ತಡೆದುಕೊಳ್ಳುವುದು ಧನಪಾಲರಿಂದ ಆಗಲಿಲ್ಲ. ಮಂಚದ ಸರಳು ಹಿಡಿದುಕೊಂಡು ಹೇಳಿದರು: "ಮಾಲಿಂಗ, ಗಾಡಿ ತಪ್ಪಲ್ಲೋ. ನನಗ ಕತ್ತಲದಾಗ ಕಾಣಸಂಗಿಲ್ಲ. ಐದ ವರ್ಷ ಆತು."

ಮಹಾಲಿಂಗಪ್ಪನವರು ಮೇಲಿನ ಫ್ಯಾನನ್ನು ನೋಡುತ್ತಿದ್ದು, ಆಮೇಲೆ ಅಂದರು: "ಐದ ವರ್ಷ ನಾ ನಿನ್ನ ಬೆನ್ನ ನೋಡ್ಕೋತ ಬಂದೇನಿ. ನೀ ಏನ ನೋಡ್ಕೋತ ಬಂದಿ?" ಅಷ್ಟು ಅಂದು ಗೋಡೆಯ ಕಡೆ ಮುಖ ಹೊರಳಿಸಿದರು. ಅವರ ಹೆಂಡತಿ ಗುರುಶಾಂತವ್ವ ಹಾಲಿನ ಬಟ್ಟಲು ಕೆಳಗಿಟ್ಟು, ಕಿಟಕಿಯತ್ತ ನೋಡಿ, "ಹೊತ್ತಾತ್ರಿ ಅಣ್ಣಾ, ಹೋಗ್ರಿ. ಕತ್ತಲಾದ್ರ ಹೆಂಗ ಹೋಗ್ತೀರಿ?" ಅಂದರು. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕಿದ್ದರೆ ಧನಪಾಲರು ತಾಳಿಕೊಳ್ಳುತ್ತಿದ್ದರೇನೋ.

ಮರುದಿನ ಬೆಳಿಗ್ಗೆ ನನ್ನ ಮನೆಗೆ ಬಂದು, ಆ ಹೆಂಗಸಿಗೆ ಒಂದು ಮಾತು ಹೇಳಬೇಕು, ಕರೆದುಕೊಂಡು ಹೋಗಿ ಎಂದರು. ಹೊಲ ಖಾಲಿಯಾಗಿತ್ತು, ತಂಡ ಮುಂದೆ ಹೋಗಿತ್ತು. ಸಕ್ಕರೆ ಕಾರಖಾನೆಯ ಅಂಗಳಕ್ಕೆ ಹೋದೆವು. ನೂರಾರು ಗಾಡಿಗಳು ಸಾಲು ಹಚ್ಚಿ ನಿಂತಿದ್ದವು. ಧನಪಾಲರು ಒಂದೊಂದು ಗಾಡಿಯ ಹತ್ತಿರ ನಿಂತು, ಕೈಮುಗಿದು, ಅಲ್ಲಿದ್ದ ಹೆಂಗಸರ ಹೆಸರು ಕೇಳಿದರು. ಒಂದು ಮಾತಾಡಿ ಸಾಕು ಅಂದರು. ಹೆಸರು ಬಿಟ್ಟರೆ ಅವರಿಗೆ ಅವಳ ಧ್ವನಿಯೊಂದೇ ಗೊತ್ತಿದ್ದದ್ದು. ಕೆಲವರು ನಕ್ಕರು, ಕೆಲವರು ಸೆರಗು ಎಳೆದುಕೊಂಡು ಸರಿದರು, ಒಬ್ಬ ಗಾಡಿಯವ ಬೈದ. ನಾಲ್ಕು ದಿನ ಹೋದೆವು. ಐದನೆಯ ದಿನ, ಬೀಡದ ಆ ತಂಡ ಹೊಳೆ ದಾಟಿ ಕರ್ನಾಟಕದ ಯಾವುದೋ ಕಾರಖಾನೆಗೆ ಹೋಯಿತೆಂದು ಯಾರೋ ಹೇಳಿದರು. ಧನಪಾಲರು ಅಲ್ಲೇ ಕಬ್ಬಿನ ಒಣಸೋಗೆಯ ರವದಿಯ ಮೇಲೆ ಕೂತು ಅತ್ತರು. ಗಾಡಿಗೆ ಬಡಿದ ಸಂಜೆ ನಾನೂ ಅಮಿತನ ಮಗ್ಗುಲಲ್ಲೇ ನಿಂತಿದ್ದೆ, ಕೆಂಪು ಬಟ್ಟೆ ನನಗೂ ಕಂಡಿತ್ತು.

ಸತ್ಯ ಹೇಳಿದವನಿಗೆ ಹಗುರವಾಗುತ್ತದೆ ಎಂದು ಶಾಲೆಯಲ್ಲಿ ಮೂವತ್ತು ವರ್ಷ ಹೇಳಿಕೊಟ್ಟವನು ನಾನು. ಧನಪಾಲರಿಗೆ ಹಗುರವಾದದ್ದೇನನ್ನೂ ಕಾಣೆ. ಮಹಾಲಿಂಗಪ್ಪನವರು ಈಗ ವಾಕರ್ ಹಿಡಿದು ಅಂಗಡಿಯವರೆಗೆ ಬರುತ್ತಾರೆ. ಹಾದಿಯಲ್ಲಿ ಇಬ್ಬರೂ ಎದುರಾದರೆ ಮರಾಠಿಯಲ್ಲಿ ಕ್ಷೇಮ ಕೇಳಿಕೊಳ್ಳುತ್ತಾರೆ. ಅದಕ್ಕಿಂತ ಕೆಟ್ಟದ್ದೆಂದರೆ ಜನ ಧನಪಾಲರ ವ್ರತವನ್ನೂ ನಂಬದಾದರು. ಚೈತ್ರದಲ್ಲಿ ಸಂಮೇದನ ತಂಗಿಯ ಮದುವೆ. ದೀಪ ಹತ್ತಿದ ಮೇಲೆ ಪಂಗ್ತಿ ಕೂತಾಗ ಕಾಜಲ ಎಲ್ಲರೆದುರು, "ಉಣ್ರಿ ಕಾಕಾ, ಈಗೇನ ಅಡ್ಡಿ? ಎಲ್ಲಾರಿಗೂ ಗೊತ್ತ ಆಗೇತಲ್ಲ" ಎಂದಳು. ಮುಗ್ಧವಾಗಿಯೇ ಎಂದಳು. ಧನಪಾಲರು ಖಾಲಿ ಎಲೆಯ ಮುಂದೆ ಕೈಕಟ್ಟಿಕೊಂಡು, ಪಂಗ್ತಿ ಏಳುವವರೆಗೆ ಕೂತಿದ್ದರು. ಅರವತ್ತು ವರ್ಷ ಒಂದು ದಿನವೂ ತಪ್ಪದೆ ನಡೆಸಿದ್ದು ಜನರ ಪಾಲಿಗೆ ನಾಟಕವಾಗಿ ಹೋಗಿತ್ತು. ಇನ್ನು ಅದನ್ನು ನಿಜವೆಂದು ಬಲ್ಲವರು ಅವರೊಬ್ಬರೇ.

ಕಳೆದ ಶ್ರಾವಣದಲ್ಲಿ ಒಂದು ದಿನ ಅವರ ಮನೆಗೆ ಹೋಗಿದ್ದೆ. ಆ ಹೊತ್ತಿಗೆ ಕಣ್ಣು ಇನ್ನೂ ಇಳಿದು, ಹಗಲಿನಲ್ಲೂ ಬೆಳಕಿನ ಒಂದು ತೂತಷ್ಟೇ ಉಳಿದಿತ್ತು. ರತ್ನಾಬಾಯಿಯವರು ತಾಟು ಮುಚ್ಚಿಟ್ಟು ಬೇಡಗಕ್ಕೆ ಅಕ್ಕನನ್ನು ನೋಡಲು ಹೋಗಿದ್ದರು. ನನ್ನ ಮಾತು ನಿಮಗೆ ಗೊತ್ತೇ ಇದೆ, ಹಿಡಿದರೆ ಬಿಡುವುದಿಲ್ಲ. ಹೊರಗೆ ಮೋಡ ದಟ್ಟವಾಗಿತ್ತು, ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಮ್ಮೆಲೇ ಅವರು ಗಾಬರಿಯಿಂದ, "ಮಾಸ್ತರ, ಹೊತ್ತ ಮುಳುಗೇತೇನ್ರಿ?" ಎಂದು ಕೇಳಿದರು.

ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಅದರ ಕೆಳಗಿನ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ವೇಳೆಯೂ ಇತ್ತು. ಐದು ನಿಮಿಷ ಮೀರಿತ್ತು. ಮುಳುಗಿದೆ ಎಂದರೆ ಈ ಮುದುಕ ನಾಳೆಯ ಬಿಸಿಲೇರುವವರೆಗೆ ಉಪವಾಸ, ಅದೂ ನನ್ನ ಹರಟೆಯ ದೆಸೆಯಿಂದ. ಐದು ನಿಮಿಷ ಯಾವ ಮಹಾ ಎಂದುಕೊಂಡೆ.

"ಇಲ್ರಿ, ಇನ್ನೂ ಐತಿ. ಉಣ್ರಿ" ಎಂದೆ.

ಅವರು ಕೈಮುಗಿದು, ತಾಟಿನ ಮುಚ್ಚಳ ತೆಗೆದು, ತಡವರಿಸಿ ರೊಟ್ಟಿ ಮುರಿದು, ಒಂದು ತುತ್ತು ಉಂಡರು. ಎರಡನೆಯದು ಕೈಯಲ್ಲಿದ್ದಾಗ ಹಿಂದಿನ ಓಣಿಯ ಮಸೀದಿಯಿಂದ ಸಂಜೆಯ ಬಾಂಗು ಕೇಳಿಬಂತು. ಹೊತ್ತು ಮುಳುಗಿದ ಮೇಲೆ ಕೂಗುವ ಬಾಂಗು. ಅದು ಮುಗಿಯುವವರೆಗೆ ಅವರ ಕೈ ಗಾಳಿಯಲ್ಲೇ ನಿಂತಿತ್ತು. ತುತ್ತನ್ನು ತಾಟಿನಲ್ಲಿ ಮೆಲ್ಲಗೆ ಇಟ್ಟು, ಮುಚ್ಚಳ ಹಾಕಿ, ಬಹಳ ಮೃದುವಾಗಿ ಕೇಳಿದರು:

"ನಿಮಗೂ ಕಾಣಸಲಿಲ್ಲೇನ್ರಿ ಮಾಸ್ತರ?"

ಸುಳ್ಳಿನ ಹಿಂದೆ ಅಡಗಿದವರನ್ನು ಲೋಕ ಹುಡುಕಿ ಎಳೆದು ತರುತ್ತದೆ. ನಿಜದ ಹಿಂದೆ ಅಡಗಿದವರನ್ನು ಯಾರೂ ಹುಡುಕುವುದಿಲ್ಲ, ಅವರು ತಾವಾಗಿಯೇ ಹೊರಗೆ ಬರಬೇಕು. ಬಂದಾಗ ಆ ನಿಜವನ್ನೂ ಕಳೆದುಕೊಂಡೇ ಬರುತ್ತಾರೆ. ಧನಪಾಲರಂಥ ಮನುಷ್ಯರು ಊರೂರಲ್ಲೂ ಇದ್ದಾರೆ, ಕೆಟ್ಟವರಲ್ಲ, ಒಂದು ಸೀಟು ಬಿಟ್ಟುಕೊಡಲಾರದವರು. ಮಾಡಿದ್ದನ್ನು ಅವರು ಉಳಿದ ಬದುಕಿನಲ್ಲಿ ಪ್ರತಿ ಸಂಜೆಯೂ ತೀರಿಸುತ್ತಾರೆ, ಕಣ್ಣಿದ್ದವರ ಒಂದು ಮಾತನ್ನು ನಂಬಿ ತುತ್ತು ಎತ್ತುತ್ತಾರೆ. ಆ ಕಣ್ಣಿದ್ದವರು ನನ್ನಂಥವರು.